ಪೊರೆ ಹಣ್ಣಾದ ಮಾಘಮಾಸ

ಮಾಘಮಾಸದ ಒಂದು ಬೆಳಗ್ಗೆ ಏಳು ಗಂಟೆಗೆ ತುಮಕೂರಿನ ನಿಲ್ದಾಣದಲ್ಲಿ ಗುಬ್ಬಿಯ ಬಸ್ಸನ್ನು ಹತ್ತಿದೆ. ಹತ್ತಿದೆ ಎನ್ನುವುದಕ್ಕಿಂತ, ಮಗ ನನ್ನ ರಟ್ಟೆ ಹಿಡಿದು ಹತ್ತಿಸಿದ ಎನ್ನುವುದೇ ಸರಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ಸಂಸ್ಕೃತ ಪಾಠ ಹೇಳುವ ವೃತ್ತಿಯಿಂದ ನಿವೃತ್ತನಾಗಿ ನನಗೆ ನಾಲ್ಕು ವರ್ಷವಾಗಿತ್ತು. ಎಡಗಣ್ಣು ಬಾಲ್ಯದ ಸಿಡುಬಿನಲ್ಲೇ ಹೋಗಿತ್ತು. ಉಳಿದಿದ್ದ ಬಲಗಣ್ಣಿಗೆ ಪೊರೆ ಬಂದು ಮೂರನೆಯ ವರ್ಷ ನಡೆಯುತ್ತಿತ್ತು. ಕುಣಿಗಲ್ಲಿನಲ್ಲಿ ಕಣ್ಣಿನ ಶಿಬಿರ ನಡೆಯುವುದೆಂದು ತಿಳಿದು ಹೊರಟಿದ್ದೆ. ಜೊತೆಗೆ ಒಬ್ಬರು ಇರಲೇಬೇಕೆಂಬ ನಿಯಮವಿತ್ತು. ಮಗನಿಗೆ ರಜೆ ಸಿಕ್ಕಿರಲಿಲ್ಲ, ನನ್ನಾಕೆ ಮಗಳ ಬಾಣಂತನದಲ್ಲಿದ್ದಳು. ಹಾಗಾಗಿ ಗುಬ್ಬಿಯಲ್ಲಿದ್ದ ಅಕ್ಕ ನಂಜಮ್ಮನನ್ನು ಕರೆದುಕೊಂಡು ಹೋಗುವುದೆಂದು ನಿಶ್ಚಯವಾಗಿತ್ತು.

ಇದಕ್ಕೆ ಮೊದಲು ಎರಡು ಶಿಬಿರಗಳಿಂದ ಬರಿಗೈಯಲ್ಲಿ ಮರಳಿದ್ದೆ. ಬಲಿಯದ ಪೊರೆಯನ್ನು ಆಗಿನ ವೈದ್ಯರು ಮುಟ್ಟುತ್ತಿರಲಿಲ್ಲ. "ಇನ್ನೂ ಹಣ್ಣಾಗಿಲ್ಲ, ಮುಂದಿನ ವರ್ಷ ಬನ್ನಿ" ಎನ್ನುತ್ತಿದ್ದರು. ನಮ್ಮ ಮನೆದೇವರು ದೇವರಾಯನದುರ್ಗದ ನರಸಿಂಹ. ಪ್ರತಿದಿನ ಸ್ನಾನ ಮಾಡಿ ಬೆಟ್ಟದ ದಿಕ್ಕಿಗೆ ಕೈಮುಗಿದು, "ಸ್ವಾಮಿ, ಮಂಜು ಇಲ್ಲಿಗೇ ನಿಲ್ಲಲಿ, ಇಷ್ಟು ಬೆಳಕನ್ನಾದರೂ ಉಳಿಸು" ಎಂದು ಬೇಡುತ್ತಿದ್ದೆ. ಮಂಜು ನಿಲ್ಲಲಿಲ್ಲ. ಯುಗಾದಿಯಲ್ಲಿ ಅಕ್ಷರ ಹೋಯಿತು, ದಸರೆಯ ಹೊತ್ತಿಗೆ ಮನೆಯವರ ಮುಖ ಹೋಯಿತು. ಭಗವಂತನ ಕರುಣೆಯನ್ನು ಮೂವತ್ತು ವರ್ಷ ಮಕ್ಕಳಿಗೆ ವ್ಯಾಖ್ಯಾನಿಸಿದ ನಾನು ಒಳಗೊಳಗೇ ಅವನ ಮೇಲೆ ಮುನಿದಿದ್ದೆ.

ಗುಬ್ಬಿಗೆ ಹನ್ನೆರಡು ಮೈಲಿ. ದಾರಿಯನ್ನು ನಾನು ಕೇಳಿಕೊಂಡು ಹೋದೆ. ಹೆಗ್ಗೆರೆ, ಮಲ್ಲಸಂದ್ರ ಎಂದು ಕಂಡಕ್ಟರ್ ಕೂಗಿದಾಗ ಊರು, ಗಾಳಿ ತಣ್ಣಗಾದಾಗ ತೋಟ, ಅವರೆಕಾಯಿಯ ಸೊಗಡು ಮೂಗಿಗೆ ಬಡಿದಾಗ ಸಂತೆಗೆ ಹೊರಟ ಮೂಟೆ. ಬಸ್ಸಿನಿಂದ ಇಳಿದವನನ್ನು ಯಾರೋ ಪುಣ್ಯಾತ್ಮರು ಅಕ್ಕನ ಬಾಗಿಲಿನವರೆಗೂ ತಲುಪಿಸಿದರು.

"ಬಂದ್ಯಾ? ಹೊಸ್ಲು ನೋಡ್ಕೊಂಡು ಬಾರೋ."

"ನೋಡೋ ಹಾಗಿದ್ದಿದ್ರೆ ನಿನ್ನ ಹುಡುಕ್ಕೊಂಡು ಯಾಕಕ್ಕ ಬರ್ತಿದ್ದೆ?"

"ಕಣ್ಣು ಹೋದ್ರೂ ಬಾಯಿ ಹೋಗಿಲ್ಲ ನೋಡು" ಎಂದು ನಕ್ಕು ಅಕ್ಕ ಕೈಹಿಡಿದು ಒಳಗೆ ಕರೆದೊಯ್ದಳು. ಅವಳಿಗೆ ಆಗ ಎಪ್ಪತ್ತು ದಾಟಿತ್ತು.

ಊಟಕ್ಕೆ ಹಿತಕಿದ ಅವರೆಬೇಳೆಯ ಹುಳಿ. ಅನಂತರ ಅಟ್ಟದ ಕೆಳಗೆ ಚಾಪೆ ಹಾಸಿಕೊಟ್ಟಳು. ಅಟ್ಟದ ತುಂಬ ಕೊಬ್ಬರಿಗೆಂದು ಹಾಕಿದ ತೆಂಗಿನಕಾಯಿ. ಆ ಕಡೆ ಉಂಡೆಕೊಬ್ಬರಿ ಮಾಡುವ ರೀತಿಯನ್ನು ಬೇರೆ ಸೀಮೆಯ ಓದುಗರಿಗಾಗಿ ಹೇಳಬೇಕು. ಬಲಿತ ಕಾಯನ್ನು ಸಿಪ್ಪೆಸಹಿತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟುಬಿಡುತ್ತಾರೆ. ಕೆಳಗಿನಿಂದ ಒಲೆಯ ಹೊಗೆ, ಮೇಲಿನಿಂದ ಹೆಂಚಿನ ಕಾವು. ಒಳಗಿನ ನೀರು ತಾನಾಗಿಯೇ ಇಂಗಿ, ತಿರುಳು ಚಿಪ್ಪನ್ನು ಬಿಟ್ಟು ಉಂಡೆಯಾಗಿ ಉರುಳತೊಡಗುತ್ತದೆ. ಕಿವಿಯ ಬಳಿ ಅಲ್ಲಾಡಿಸಿ ತಿಳಿಯಬೇಕೇ ಹೊರತು ನಡುವೆ ಒಡೆದು ನೋಡುವಂತಿಲ್ಲ. ಹಿಂದಿನ ವರ್ಷ ಅವಸರಪಟ್ಟು ಒಂದನ್ನು ಒಡೆದು ನಾನು ಬೈಸಿಕೊಂಡಿದ್ದೆ.

"ಈ ಸಲ ಅಟ್ಟದ ತಂಟೆಗೆ ಹೋಗ್ಬೇಡ ಕಣೋ. ಹೋದ್ ಸಲ ನೀನು ಒಡೆದಿದ್ದು ಅತ್ಲಾಗೆ ಚಟ್ನಿಗೂ ಆಗ್ಲಿಲ್ಲ, ಇತ್ಲಾಗೆ ಕೊಬ್ರಿನೂ ಆಗ್ಲಿಲ್ಲ."

ಆ ಮಧ್ಯಾಹ್ನ, ಯಾರಿಗೂ ಹೇಳದಿದ್ದ ಮುನಿಸನ್ನು ಅಕ್ಕನಿಗೆ ಹೇಳಿಬಿಟ್ಟೆ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರದ ಸದ್ದು ನಿಂತ ಮೇಲೆ, "ಅವನು ಮಾಡೋ ಕೆಲ್ಸಾನೆಲ್ಲ ನಿಂಗೆ ತೋರಿಸ್ಕೊಂಡೇ ಮಾಡ್ಬೇಕೇನೋ? ಹೆಡ್‌ಮೇಷ್ಟ್ರಿಗೆ ಲೆಸನ್ ನೋಟ್ಸ್ ತೋರಿಸೋ ಹಾಗೆ? ಮಲಕ್ಕೋ" ಎಂದಳು.

ಮರುದಿನ ತುಮಕೂರಿಗೆ ಹಿಂದಿರುಗಿ ಬಸ್ಸು ಬದಲಿಸಿ, ಹೆಬ್ಬೂರಿನ ಮೇಲೆ ಕುಣಿಗಲ್ಲನ್ನು ತಲುಪಿದಾಗ ಹನ್ನೊಂದು ಗಂಟೆ. ಶಿಬಿರ ಒಂದು ಛತ್ರದಲ್ಲಿತ್ತು. ಸರದಿಯ ಸಾಲು ಅಂಗಳ ದಾಟಿ ರಸ್ತೆಯವರೆಗೂ ಬಂದಿದೆಯೆಂದು ಅಕ್ಕ ಹೇಳಿದಳು. ನನ್ನ ಸರದಿ ಬಂದದ್ದು ಮೂರು ಗಂಟೆಗೆ. ವೈದ್ಯರು ಬೆರಳಿನಿಂದ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟರು. ಮೂರನೆಯ ಸಲವೂ ಅದೇ ವಾಕ್ಯ ಬರುವುದೆಂದು ನಾನು ಎದೆ ಗಟ್ಟಿ ಮಾಡಿಕೊಂಡೆ.

"ಪೂರ್ತಿ ಹಣ್ಣಾಗಿದೆ ಸ್ವಾಮಿ. ನಾಳೆನೇ ತೆಗೀಬಹುದು."

"ಇಲ್ಲಿಗೇ ನಿಲ್ಲಲಿ ಅಂತ ದಿನಾ ದೇವರನ್ನ ಬೇಡ್ಕೋತಿದ್ದೆ ಡಾಕ್ಟ್ರೇ."

ಅವರು ನಕ್ಕುಬಿಟ್ಟರು. "ಸದ್ಯ, ಅವನು ಕೇಳಿಸ್ಕೊಳ್ಳಲಿಲ್ಲ! ನಿಂತಿದ್ರೆ ಈ ವರ್ಷಾನೂ ನಿಮ್ಮನ್ನ ವಾಪಸ್ ಕಳಿಸ್ತಿದ್ದೆ."

ಛತ್ರದ ಜಗಲಿಯ ಮೇಲೆ ಕುಳಿತೆ. ಮೂರು ವರ್ಷ ನಾನು ಯಾವುದನ್ನು ನಿಲ್ಲಿಸೆಂದು ಗೋಗರೆದಿದ್ದೆನೋ ಅದೇ ಅವನು ನನಗಾಗಿ ನಡೆಸುತ್ತಿದ್ದ ಕೆಲಸ. ಕತ್ತಲೆ ದಟ್ಟವಾದ ಒಂದೊಂದು ದಿನವೂ ನಾನು ಬೆಳಕಿನ ಸಮೀಪಕ್ಕೆ ಬರುತ್ತಿದ್ದೆ. ನನ್ನ ಪ್ರಾರ್ಥನೆಯನ್ನು ಅವನು ನಡೆಸಿಕೊಡಲಿಲ್ಲ. ಬೇಡಿದವನನ್ನು ಮಾತ್ರ ಕೈಬಿಡಲಿಲ್ಲ.

ಹಾಗೆಂದು ಭಯ ಹೋಗಲಿಲ್ಲ. ಇರುವುದೊಂದೇ ಕಣ್ಣು, ಕೆಟ್ಟರೆ ಹಗಲು ರಾತ್ರಿಗಳ ಭೇದವೂ ಉಳಿಯದು ಎಂದು ವೈದ್ಯರು ಮುಚ್ಚುಮರೆಯಿಲ್ಲದೆ ತಿಳಿಸಿದರು. ಒಪ್ಪಿಗೆಯ ಕಾಗದ ಬಂತು. ಸಹಿ ಹಾಕಬೇಕಾದ ಜಾಗ ನನಗೆ ಕಾಣಲಿಲ್ಲ. ಅಕ್ಷರ ಬಾರದ ಅಕ್ಕ ನನ್ನ ಕೈಯನ್ನು ಅಲ್ಲಿಗೆ ಒಯ್ದು ಇಟ್ಟಳು. ಬರೆದೆ.

ಶಸ್ತ್ರಚಿಕಿತ್ಸೆಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಕಷ್ಟವಾದದ್ದು ಅನಂತರದ ಏಳು ದಿನ. ಕಣ್ಣಿಗೆ ಪಟ್ಟಿ, ತಲೆಯ ಎರಡು ಪಕ್ಕಕ್ಕೂ ಮರಳಿನ ಚೀಲ. ಹೊರಳಬಾರದು, ಕೆಮ್ಮಬಾರದು, ನಗಲೂಬಾರದು. ಪಕ್ಕದ ಹಾಸಿಗೆಯಲ್ಲಿ ನನ್ನಂತೆಯೇ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವನು ಕೊತ್ತಗೆರೆಯ ರೈತ ಬೋರಯ್ಯ. ಅವನ ಬಾಯಿಗೆ ಯಾರೂ ಪಟ್ಟಿ ಕಟ್ಟಿರಲಿಲ್ಲ.

"ಮೇಷ್ಟ್ರೇ, ಎಲ್ರೂ ತಪಸ್ಸಿಗೆ ಕಾಡಿಗೋಯ್ತಾರೆ. ನಮ್ಗೆ ನೋಡಿ, ಛತ್ರದಾಗೇ ಗಂಜಿ ಕುಡ್ಸಿ ತಪಸ್ಸು ಮಾಡುಸ್ತಾವ್ರೆ."

"ಏ ಬೋರಯ್ಯ, ನಗಿಸ್ಬೇಡಪ್ಪ! ಹೊಲಿಗೆ ಬಿಚ್ಚಿಕೊಂಡ್ರೆ ನಿನ್ನ ಕಣ್ಣನ್ನೇ ಕಿತ್ತು ಇವನಿಗೆ ಹಾಕಿಸ್ತೀನಿ" ಎಂದು ಅಕ್ಕ ಗದರಿದಳು.

"ಹಾಕ್ಸವ್ವ, ನನ್ ಕಣ್ಣೂ ಸಂಸ್ಕೃತ ಓದ್ದಂಗಾಯ್ತದೆ ಬುಡು" ಎಂದ. ಹಲ್ಲು ಕಚ್ಚಿ ನಗೆಯನ್ನು ನುಂಗಿದೆ. ಕಂಠಪಾಠವಾಗಿದ್ದ ಸ್ತೋತ್ರಗಳನ್ನು ಪಿಸುದನಿಯಲ್ಲಿ ಹೇಳುತ್ತಾ ಆ ಏಳು ದಿನಗಳನ್ನು ದಾಟಿದೆ. ಮುನಿಸಿಲ್ಲದೆ ಸ್ತೋತ್ರ ಹೇಳಿದ್ದು ಮೂರು ವರ್ಷದಲ್ಲಿ ಅದೇ ಮೊದಲು.

ಎಂಟನೆಯ ದಿನ ಪಟ್ಟಿ ಬಿಚ್ಚಿ, ದಪ್ಪ ಗಾಜಿನ ಕನ್ನಡಕವೊಂದನ್ನು ಮೂಗಿಗೇರಿಸಿದರು. ಮೊದಲು ಬರಿಯ ಬೆಳಕು. ಆಮೇಲೆ ಆ ಬೆಳಕಿನಲ್ಲಿ ಒಂದು ಮುಖ.

"ಅಕ್ಕ, ನಿನ್ನ ತಲೆ ಯಾವಾಗ ಇಷ್ಟೊಂದು ಬೆಳ್ಳಗಾಯ್ತು?"

"ನೀನು ನೋಡ್ದೇ ಇದ್ದಾಗ ಕಣೋ" ಎಂದಳು. ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನೂ ಕಂಡೆ. ಅಷ್ಟರಲ್ಲಿ ಕನ್ನಡಕ ಧರಿಸಿದ ಬೋರಯ್ಯ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇವ್ರೇನಾ ಮೇಷ್ಟ್ರು! ದನಿ ಕೇಳಿ ಆರಡಿ ಆಳು ಅಂದ್ಕಂಡಿದ್ನಲ್ಲಪ್ಪ!" ಎಂದ. ಈಗ ನಗಬಹುದಿತ್ತು. ಛತ್ರವೇ ನಕ್ಕಿತು.

ಪುಸ್ತಕ ಓದುವ ಕನ್ನಡಕವನ್ನು ಆರು ವಾರದ ಮೇಲೆ ಕೊಡುವುದಾಗಿ ವೈದ್ಯರು ಹೇಳಿದರು. ಸದ್ಯಕ್ಕೆ ದೂರದ್ದು ಮಾತ್ರ ಸ್ಪಷ್ಟ. ಕಾಯುವುದು ಈಗ ನನಗೆ ಭಾರವಾಗಿರಲಿಲ್ಲ.

ಮಧ್ಯಾಹ್ನ ತುಮಕೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತೆ. ಡ್ರೈವರನ ಹಿಂದಿನ ತಗಡಿನ ಮೇಲೆ ಬಿಳಿಯ ಬಣ್ಣದಲ್ಲಿ ಏನೋ ಬರೆದಿತ್ತು. ನೋಡುತ್ತಿದ್ದಂತೆ ಗೆರೆಗಳು ಅಕ್ಷರಗಳಾದವು, ಅಕ್ಷರಗಳು ಮಾತಾದವು. "ತಲೆ, ಕೈಗಳನ್ನು ಹೊರಗೆ ಚಾಚಬೇಡಿ." ಅಕ್ಷರ ಹೋದ ಮೇಲೆ ನಾನು ಓದಿದ ಮೊದಲ ವಾಕ್ಯ ಅದು. ಪಾರಾಯಣದ ರಾಗದಲ್ಲೇ ಗಟ್ಟಿಯಾಗಿ ಮೂರು ಸಲ ಓದಿದೆ. ಅಕ್ಕ, "ಮೆಲ್ಲಗೋ, ಎಲ್ರೂ ನೋಡ್ತಿದಾರೆ" ಎಂದಳು. ನೋಡಲಿ ಎಂದೆ. ನಾನೂ ಎಲ್ಲರನ್ನೂ ನೋಡುತ್ತಿದ್ದೆನಲ್ಲ!

ಬಸ್ಸು ಊರು ಬಿಡುತ್ತಿದ್ದಂತೆ ಕುಣಿಗಲ್ಲಿನ ಕೆರೆ ಕಂಡಿತು. ಬಿಸಿಲಿಗೆ ಹೊಳೆಯುವ ಆ ನೀರು, ಅದರ ಅಂಚಿನಲ್ಲಿ ಹಸಿರು ಗದ್ದೆ, ನೀರಿನ ಮೇಲೆ ಬಗ್ಗಿ ಹಾರುವ ಬೆಳ್ಳಕ್ಕಿಯ ಸಾಲು. ಬಸ್ಸು ತಿರುವಿಗೆ ಬಂದು ಕೆರೆ ಹಿಂದೆ ಸರಿಯಿತು. ನನ್ನಿಂದ ತಡೆಯಲಾಗಲಿಲ್ಲ. ಕನ್ನಡಕವನ್ನು ಒಂದು ಕೈಯಲ್ಲಿ ಭದ್ರವಾಗಿ ಹಿಡಿದು, ತಲೆಯನ್ನು ಕತ್ತಿನವರೆಗೂ ಹೊರಗೆ ಚಾಚಿ ಹಿಂದಕ್ಕೆ ನೋಡಿದೆ.

ಕಂಡಕ್ಟರ್ ಧಾವಿಸಿ ಬಂದು ಭುಜ ಹಿಡಿದು ಒಳಗೆಳೆದ. "ಏನ್ ಸ್ವಾಮಿ ಇದು? ಅಲ್ಲಿ ಅಷ್ಟು ದಪ್ಪಕ್ಕೆ ಬರ್ದಿದೆ, ಓದಕ್ಕೆ ಬರಲ್ವಾ ನಿಮ್ಗೆ?"

"ಬರುತ್ತಪ್ಪ" ಎಂದೆ. "ಬರುತ್ತೆ!"