ಸೋಪಮ್ಮ ತೊಳೆಯದ ತೊಟ್ಟಿ

ನಮ್ಮ ಪ್ರಯೋಗಾಲಯದ ಕಪ್ಪೆಕೋಣೆಗೆ ಕೆಲಸಕ್ಕೆ ಬಂದಾಗ ಆಕೆಗೆ ಐವತ್ತೇಳು. ಅದಕ್ಕೂ ಮೊದಲು ಇಪ್ಪತ್ತು ವರ್ಷ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರ್ ತೊಳೆದವರು. ಆಕೆ ಒರೆಸಿದ ನೆಲದ ಮೇಲೆ ಕಾಲಿಡಲು ನಮಗೇ ಸಂಕೋಚ. ಸೋಪಮ್ಮ ಎಂಬ ಅಡ್ಡಹೆಸರು ಯಾರಿಟ್ಟರೋ ಗೊತ್ತಿಲ್ಲ. ಹಾಗೆ ಕರೆದರೆ ನಗುತ್ತಲೇ ಓಗೊಡುತ್ತಿದ್ದರು.

ಆ ಕೋಣೆಯಲ್ಲಿ ಆರು ಗಾಜಿನ ತೊಟ್ಟಿಗಳು, ಹೆಬ್ಬೆರಳಿನಷ್ಟು ದೊಡ್ಡ ಮೂವತ್ತೊಂದು ಕಪ್ಪೆಗಳು. ಅವು ಹುಟ್ಟಿದ ತೊರೆಯಲ್ಲಿ ಒಂದು ಬೂಷ್ಟು ರೋಗ ಬಂದು ಅವುಗಳ ಬಳಗವೇ ನಿರ್ನಾಮವಾಗಿತ್ತು. ಆ ಜಾತಿಯಲ್ಲಿ ಉಳಿದಿದ್ದು ಈ ಮೂವತ್ತೊಂದೇ. ಅವುಗಳ ಹೊಣೆ ನನ್ನದು. ನಾನು ಮೊದಲೇ ಮುಂಗೋಪಿ, ಜೊತೆಗೆ ಓದಿದವಳೆಂಬ ಜಂಬ ಬೇರೆ. ದಿನವೂ ತೊಟ್ಟಿ ಖಾಲಿ ಮಾಡಿ ಔಷಧಿ ಹಾಕಿ ತಿಕ್ಕಬೇಕು, ಒಳಗಿನ ಪಾಚಿ ಕುದಿಸಬೇಕು, ಆಮೇಲೆ ರಿಜಿಸ್ಟರಿನಲ್ಲಿ ಟಿಕ್ ಹಾಕಬೇಕು ಎಂದು ಗೋಡೆಗೆ ನಿಯಮ ಅಂಟಿಸಿದೆ.

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತಾಯಿತು. ಸೋಪಮ್ಮ ಸೆರಗು ಸಿಕ್ಕಿಸಿ ನಿಂತರೆಂದರೆ ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು. "ಸ್ನಾನ ಆಯ್ತಾ ಮಹಾರಾಯರೇ?" ಎಂದು ಕಪ್ಪೆಗಳನ್ನೇ ವಿಚಾರಿಸುತ್ತಿದ್ದರು.

ನಾಲ್ಕನೇ ತಿಂಗಳು ಕಪ್ಪೆಗಳು ಸಾಯತೊಡಗಿದವು. ಮೊದಲು ಮಂಕಾಗಿ ಕೂರುವುದು, ಆಮೇಲೆ ಚರ್ಮ ಚಿಂದಿಯಾಗಿ ಸುಲಿಯುವುದು, ಮರುದಿನ ಮುಗಿಯಿತು. ಅದೇ ಬೂಷ್ಟು ಹೇಗೋ ಇಲ್ಲಿಗೂ ಬಂದಿತ್ತು. ಸತ್ತವನ್ನು ಸೋಪಮ್ಮ ಡಬ್ಬಿಯಲ್ಲಿಟ್ಟು ನನ್ನ ಮೇಜಿಗೆ ತರುತ್ತಿದ್ದರು. ಯಾವ ತೊಟ್ಟಿಯದೆಂದು ನಾನು ಒಮ್ಮೆಯೂ ಕೇಳಲಿಲ್ಲ, ಇದು ನನ್ನ ವಿದ್ಯೆ! ಎರಡು ಹೊತ್ತು ತೊಳೆಯಿರಿ ಎಂದು ರೇಗಿದೆ. ಮೂವತ್ತೊಂದು ಹದಿನೇಳಾಯಿತು.

ಒಂದು ಬೆಳಿಗ್ಗೆ ಆಕೆ ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿದರು.

"ಮೇಡಂ, ಕೆಳಗಿನ ಸಾಲಲ್ಲಿ ಮೂಲೆ ತೊಟ್ಟಿ ಇದೆಯಲ್ಲ, ಅದನ್ನ ನಾನು ಮೂರು ತಿಂಗಳಿಂದ ತೊಳೆದೇ ಇಲ್ಲ. ಮಂಡಿ ಮಡಚಕ್ಕಾಗಲ್ಲ, ಕೂತ್ರೆ ಏಳಕ್ಕಾಗಲ್ಲ. ಮೇಲಿಂದ ಹುಳ ಹಾಕ್ತೀನಿ, ನೀರು ಹಾಕ್ತೀನಿ, ಸುಮ್ನೆ ಟಿಕ್ ಹಾಕ್ತೀನಿ. ಈ ರೋಗ ಅಲ್ಲಿಂದಾನೇ ಹಬ್ತಿದೆ. ನನ್ನಿಂದ ಸಾಯ್ತಿವೆ, ಮೇಡಂ."

ಮುಂದಿನ ತಿಂಗಳು ಆಕೆಯ ಗುತ್ತಿಗೆ ಮುಗಿಯುವುದಿತ್ತು. ಬಗ್ಗಲಾಗದವರನ್ನು, ಅದರ ಮೇಲೆ ಸುಳ್ಳು ಟಿಕ್ ಹಾಕಿದವರನ್ನು ಯಾರು ಉಳಿಸಿಕೊಳ್ಳುತ್ತಾರೆ? ಮನೆಯಲ್ಲಿ ಹಾಸಿಗೆ ಹಿಡಿದ ಅಕ್ಕನಿಗೆ ಈಕೆಯೇ ದಿಕ್ಕು. ಎಲ್ಲ ಗೊತ್ತಿದ್ದೂ ಹೇಳಲು ಬಂದಿದ್ದರು.

ನನಗೆ ಸಿಟ್ಟು ನೆತ್ತಿಗೇರಿತು. "ಅಲ್ರೀ, ಅಲ್ಲಿ ಎಷ್ಟು ಸತ್ತಿವೆ?"

"ಅಲ್ಲಿ ಒಂದೂ ಸತ್ತಿಲ್ಲ. ರೋಗ ಹಂಚೋರು ಗಟ್ಟಿಮುಟ್ಟಾಗೇ ಇರ್ತಾರೆ ಮೇಡಂ, ಆಸ್ಪತ್ರೇಲಿ ನೋಡಿದೀನಲ್ಲ."

ನಾನು ಓಡಿಹೋಗಿ ಆ ತೊಟ್ಟಿಯ ಮುಂದೆ ಮಂಡಿಯೂರಿದೆ. ಗಾಜಿನ ಮೇಲೆ ಕೆಸರು, ಒಳಗೆ ಕೊಳೆತ ಎಲೆ, ಹಳೇ ಪಾಚಿ. ಅದರ ನಡುವೆ ಐದು ಕಪ್ಪೆಗಳು ಮಿರಮಿರ ಮಿಂಚುತ್ತ ಕೂತಿದ್ದವು.

ಅವುಗಳ ಬೆನ್ನನ್ನು ಹತ್ತಿಯಿಂದ ಸವರಿ, ಹತ್ತಿಗೆ ಅಂಟಿದ್ದನ್ನು ತಟ್ಟೆಯಲ್ಲಿ ಬೆಳೆಸಿದೆವು. ವಾರದೊಳಗೆ ತಟ್ಟೆಯ ತುಂಬ ನೇರಳೆ ಬಣ್ಣದ ಸೂಕ್ಷ್ಮಾಣುಗಳು. ಪಕ್ಕದಲ್ಲಿ ಬೂಷ್ಟು ಇಟ್ಟರೆ ಅದು ಹತ್ತಿರ ಸುಳಿಯಲಿಲ್ಲ. ಕಪ್ಪೆ ತನ್ನ ಮೈಲೋಳೆಯಲ್ಲಿ ಇವುಗಳಿಗೆ ಊಟ, ವಸತಿ ಕೊಡುತ್ತದೆ. ಇವು ಬೂಷ್ಟಿಗೆ ವಿಷವಾಗುವ ರಸ ಬಿಟ್ಟು ಆ ಮನೆ ಕಾಯುತ್ತವೆ. ಉಳಿದ ಐದು ತೊಟ್ಟಿಗಳಲ್ಲಿ ನನ್ನ ನಿಯಮ ಈ ಕಾವಲುಗಾರರನ್ನೇ ದಿನವೂ ತೊಳೆದು ಮೋರಿಗೆ ಕಳಿಸುತ್ತಿತ್ತು.

ಗೋಡೆಯ ಕಾಗದ ಹರಿದು ಹಾಕಿದೆ. ಮೂಲೆ ತೊಟ್ಟಿಯ ಮಣ್ಣು, ಪಾಚಿ, ನೀರನ್ನು ಎಲ್ಲಕ್ಕೂ ಹಂಚಿದೆವು. ಸೋಪಮ್ಮ ಮೂಗು ಮುರಿಯುತ್ತಲೇ ಹಂಚಿದರು: "ಗಲೀಜನ್ನ ಮೇಲೆತ್ತಿ ಇಡೋದು ಈ ಜನ್ಮಕ್ಕೆ ಇದೇ ಮೊದ್ಲು." ರೋಗ ಹತ್ತಿದ್ದ ಮೂರು ಉಳಿಯಲಿಲ್ಲ. ಹದಿನಾಲ್ಕು ಉಳಿದವು. ತಿಂಗಳಾಗುವಷ್ಟರಲ್ಲಿ ಎರಡನೇ ತೊಟ್ಟಿಯಲ್ಲಿ ಸಾಬಕ್ಕಿಯಂಥ ಮೊಟ್ಟೆಗಳ ಗೊಂಚಲು ಕಂಡಾಗ ನಾನು ಆಕೆಯನ್ನು ತಬ್ಬಿಕೊಂಡು ಅತ್ತೆ. ಅಂಥ ಕೃತಜ್ಞತೆ ನನಗೆ ಯಾವ ಗುರುವಿನ ಮುಂದೆಯೂ ಉಕ್ಕಿ ಬಂದದ್ದಿಲ್ಲ.

ಗುತ್ತಿಗೆ ಮುಗಿಯುವ ದಿನ ಪ್ರಯೋಗಾಲಯದ ದೊಡ್ಡ ಸಾಹೇಬರು ನಮ್ಮಿಬ್ಬರನ್ನೂ ಕರೆಸಿದರು. ಅವರ ಮುಂದೆ ರಿಜಿಸ್ಟರ್ ತೆರೆದಿತ್ತು.

"ಮೂಲೆ ತೊಟ್ಟಿಗೆ ತೊಂಬತ್ತು ಸುಳ್ಳು ಟಿಕ್. ಇದಕ್ಕೆ ಯಾರು ಉತ್ತರ ಕೊಡ್ತೀರಿ?"

ಸೋಪಮ್ಮ ಬಾಯಿ ತೆರೆಯುವ ಮೊದಲೇ ನಾನೆಂದೆ, "ಉಳಿದ ಐದು ತೊಟ್ಟಿಗಳ ಟಿಕ್ ಎಲ್ಲಾ ನಿಜ, ಸರ್. ಕಪ್ಪೆ ಸತ್ತಿದ್ದು ಅಲ್ಲಿ. ತೊಳೀರಿ ಅಂದಿದ್ದು ನಾನು. ಮೊದಲು ಅದಕ್ಕೆ ನಾನು ಉತ್ತರ ಕೊಡ್ತೀನಿ."

ಅವರು ಬಹಳ ಹೊತ್ತು ಪುಟ ತಿರುವಿದರು. ಆಮೇಲೆ ಪೆನ್ನು ತೆಗೆದು ಆಕೆಯ ಗುತ್ತಿಗೆಗೆ ಸಹಿ ಹಾಕಿದರು.

ಹೊರಗೆ ಬಂದ ಮೇಲೆ ಸೋಪಮ್ಮ ಗೋಡೆ ಹಿಡಿದು ನಿಧಾನವಾಗಿ ನಡೆಯುತ್ತ ಕೇಳಿದರು, "ಅಷ್ಟೆಲ್ಲಾ ಯಾಕೆ ಹೇಳಕ್ಕೆ ಹೋದ್ರಿ ಮೇಡಂ? ನಿಮ್ಮ ಕೆಲಸಕ್ಕೇ ಕುತ್ತು ಬಂದಿದ್ರೆ?"

"ನೀವು ಹೇಳಕ್ಕೆ ಬಂದ್ರಲ್ಲ, ಆವತ್ತು," ಎಂದೆ.