ನನ್ನ ಪರೀಕ್ಷೆಗೆ ಅವ್ವನ ಉಪವಾಸ

ಜೀವಕಣವೊಂದು ಸಾಯುವುದನ್ನು ಮೊದಲ ಸಲ ಕಂಡ ದಿನ ನನಗೆ ಊಟ ಸೇರಲಿಲ್ಲ. ಮೈಸೂರಿನ ಲ್ಯಾಬೊಂದರಲ್ಲಿ ಸಂಶೋಧನೆಗೆ ಸೇರಿ ಆಗಿನ್ನೂ ಎರಡು ತಿಂಗಳು. ಕ್ಯಾನ್ಸರ್ ಕಣಗಳನ್ನು ಪುಟ್ಟ ತಟ್ಟೆಯಲ್ಲಿ ಬೆಳೆಸುವುದು, ಅವುಗಳ ಮೇಲೆ ಆಂಟಿಬಾಡಿ ಎನ್ನುವ ಪ್ರೋಟೀನನ್ನು ಹನಿಸುವುದು, ಅವು ಹೇಗೆ ಸಾಯುತ್ತವೆಂದು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದುಕೊಳ್ಳುವುದು, ಇದು ನನ್ನ ಕೆಲಸ. ಅಂದು ನೋಡನೋಡುತ್ತಿದ್ದಂತೆ ಒಂದು ಕಣದ ಮೈಮೇಲೆಲ್ಲ ಗುಳ್ಳೆ ಎದ್ದವು, ಒಲೆಯ ಮೇಲಿನ ಅಂಬಲಿಯಲ್ಲಿ ಏಳುವ ಹಾಗೆ. ಆಮೇಲೆ ಅದು ತಾನಾಗಿಯೇ ಚೂರುಚೂರಾಯಿತು. ಯಾರೂ ಅದನ್ನು ಕೊಯ್ದಿರಲಿಲ್ಲ, ಸುಟ್ಟಿರಲಿಲ್ಲ. ಸಾಯುವುದಕ್ಕೆ ಬೇಕಾದ ಸರಂಜಾಮೆಲ್ಲ ಕಣದೊಳಗೆ ಹುಟ್ಟಿನಿಂದಲೇ ಇರುತ್ತದೆ, ಹೊರಗಿನಿಂದ ಒಂದು ಸನ್ನೆ ಸಾಕು ಎಂದು ನಮ್ಮ ಗೈಡ್ ಟೀ ಹೀರುತ್ತ ಹೇಳಿದರು. ನನ್ನೊಳಗೂ ಅಂಥ ಕೋಟಿ ಸರಂಜಾಮುಗಳಿವೆ ಎಂದು ಕೈಕಾಲು ನೋಡಿಕೊಂಡೆ.

ಆದರೆ ಯಾವ ಗಾಬರಿಯೂ ಬೇಗ ಒಗ್ಗಿಹೋಗುತ್ತದೆ. ಆರು ತಿಂಗಳಲ್ಲಿ ನಾನು ಸೊಪ್ಪು ಸೋಸಿದಷ್ಟು ಸಲೀಸಾಗಿ ಕಣ ಸಾಯಿಸುತ್ತಿದ್ದೆ. ಸತ್ತವುಗಳನ್ನು ಉಪ್ಪುನೀರಿನಲ್ಲಿ ಎರಡು ಸಲ ತೊಳೆದು, ಬ್ಲೀಚಿನ ಬಕೆಟ್ಟಿಗೆ ಚೆಲ್ಲಿ, ಕೈ ತೊಳೆದುಕೊಂಡು ಹಾಸ್ಟೆಲಿಗೆ ಹೋಗುತ್ತಿದ್ದೆ. ಆ ತೊಳೆಯುವ ಕೆಲಸ ಬೇಸರ ಹಿಡಿಸುತ್ತಿತ್ತು. ಅದಕ್ಕೊಂದು ಅರ್ಥವಿದೆ ಎಂದು ನನಗೆ ಹೊಳೆದಿರಲಿಲ್ಲ.

ಮೂರನೆಯ ವರ್ಷ ನಮ್ಮೂರು ಭೀಮನಬೀಡಿನಿಂದ ಅಣ್ಣ ಫೋನ್ ಮಾಡಿದ. ಅವ್ವನ ಕತ್ತಿನಲ್ಲಿ ಗಂಟಾಗಿದೆ, ಕಂಕುಳಲ್ಲೂ ಇದೆ ಎಂದ. ಅವ್ವ ಅದನ್ನು ಒಂದು ವರ್ಷ ಸೆರಗಿನಲ್ಲಿ ಮುಚ್ಚಿಕೊಂಡು ಈರುಳ್ಳಿ ಕುಯ್ದಿದ್ದಳು, ಅರಿಸಿನ ಬೇಯಿಸಿದ್ದಳು. ಮೈಸೂರಿಗೆ ಕರೆಸಿ ಪರೀಕ್ಷೆ ಮಾಡಿಸಿದೆ. ವರದಿಯನ್ನು ಎರಡೆರಡು ಸಲ ಓದಿದೆ. ನಾನು ಮೂರು ವರ್ಷದಿಂದ ತಟ್ಟೆಯಲ್ಲಿ ಸಾಕುತ್ತಿದ್ದ ಜಾತಿಯ ಕಣಗಳೇ ಅವ್ವನ ಗಂಟಿನಲ್ಲಿದ್ದವು.

ಇಂಥದಕ್ಕೆ ಆಂಟಿಬಾಡಿ ಔಷಧಿ ಬಂದು ಆಗ ಕೆಲವೇ ವರ್ಷಗಳಾಗಿದ್ದವು. ಕೊಂಡು ತರುವ ಶಕ್ತಿ ನಮಗಿರಲಿಲ್ಲ. ಇಲ್ಲದವರಿಗೆಂದು ಕಂಪನಿಯವರು ಕೊಡುತ್ತಿದ್ದ ಪಾಲಿನಲ್ಲಿ ನಮ್ಮ ಗೈಡ್ ಹೇಗೋ ಅವ್ವನ ಹೆಸರು ಸೇರಿಸಿದರು. ಎಲ್ಲ ಸರಿಹೋಯಿತು ಅಂದುಕೊಂಡರೆ ಅವ್ವನೇ ಬೇಡ ಅಂದಳು. ದಿನ ಗೊತ್ತಾಗಿ, ಕರೆತರಲು ಹೋದ ನನ್ನ ಜೊತೆ ಗುಂಡ್ಲುಪೇಟೆ ಬಸ್ ನಿಲ್ದಾಣದವರೆಗೂ ಬಂದವಳು ಮೈಸೂರಿನ ಬಸ್ಸು ಹತ್ತದೆ ಕಲ್ಲುಬೆಂಚಿನ ಮೇಲೆ ಕೂತುಬಿಟ್ಟಳು. ಕೇರಳದ ಲಾರಿಗಳು ಹಾರನ್ ಹೊಡೆದುಕೊಂಡು ಹೋಗುತ್ತಿದ್ದವು.

"ಯಾರೋ ಎಲ್ಲೋ ಕಾಯ್ಸಿದ್ ಔಷ್ದಿಯ ನನ್ ಮೈಗ ಯಾಕಮ್ಮಿ? ನಾ ಬರಲ್ಲ. ನನ್ ಪಾಡ್ಗ ನನ್ನ ಬುಟ್ಬುಡು."

ಒಂದು ಬಸ್ಸು ಹೋಯಿತು, ಇನ್ನೊಂದು ಹೊರಡುವುದರಲ್ಲಿತ್ತು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. ಅವಳ ಭುಜ ಹಿಡಿದು ಅಲ್ಲಾಡಿಸಿ ಅಂದುಬಿಟ್ಟೆ: "ಯಾರೋ ಅಲ್ಲ ಕಣವ್ವ, ಆ ಔಷ್ದಿಯ ನಾನೇ ಮಾಡಿದ್ದು."

ಶುದ್ಧ ಸುಳ್ಳು. ಅದನ್ನು ಮಾಡಿದವರು ಯಾವ ದೇಶದವರೋ ಏನೋ. ನಾನು ಅದರ ಸೀಸೆಯನ್ನೂ ಕಂಡವಳಲ್ಲ. ಅವ್ವ ನನ್ನ ಮುಖವನ್ನೇ ನೋಡಿದಳು. "ನೀನಾ?" ಅಂದಳು. ಆಮೇಲೆ ಚೀಲ ಎತ್ತಿಕೊಂಡು ನನಗಿಂತ ಮುಂಚೆ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಅದು ಏನು ಮಾಡುತ್ತದೆ ಎಂದು ಕೇಳಿದಳು. ತೆರಕಣಾಂಬಿ ಸಂತೆಯಲ್ಲಿ ಕೊಂಡ ಕುರಿಗೆ ಬಣ್ಣ ಹಚ್ಚುತ್ತಾರಲ್ಲ, ಹಾಗೆ ಇದು ಕೆಟ್ಟ ಕಣಕ್ಕೆ ಗುರುತು ಹಚ್ಚುತ್ತದೆ, ಗುರುತು ಕಂಡ ಕಾವಲಿನ ಕಣಗಳು ಬಂದು ಎಳೆದೊಯ್ಯುತ್ತವೆ, ಕೆಲವು ಗುರುತು ಬಿದ್ದ ತಕ್ಷಣ ತಾವೇ ಸಾಯುತ್ತವೆ ಎಂದೆ. ಪಕ್ಕದ ಸೀಟಿನವರಿಗೆ ಅವ್ವ ಅದನ್ನೇ ಹೇಳಿದಳು, ನನ್ನ ಕಡೆ ಕೈ ತೋರಿಸುತ್ತ. ನಾನು ಕಿಟಕಿಯ ಹೊರಗೆ ನೋಡಿದೆ.

ಡಾಕ್ಟರು ಅಂದು ಔಷಧಿ ಕೊಡಲಿಲ್ಲ. ರಕ್ತ ನೋಡಿ, ಮೂರು ದಿನ ಬಿಟ್ಟು ಬನ್ನಿ, ಅಲ್ಲಿಯವರೆಗೂ ಆಮೇಲೂ ಚೆನ್ನಾಗಿ ನೀರು ಕುಡಿಯಬೇಕು, ಈ ಮಾತ್ರೆ ತಪ್ಪಿಸಬಾರದು ಎಂದರು. ಅವ್ವ ಗೋಣಾಡಿಸಿದಳು. ಊರಿಗೆ ಹೋಗಿದ್ದು, ಗೊತ್ತಾದ ದಿನ ಆಸ್ಪತ್ರೆಗೆ ಬಂದು ಮಲಗಿದಳು. ಔಷಧಿ ಹನಿಹನಿಯಾಗಿ ಇಳಿಯತೊಡಗಿ ಅರ್ಧ ಗಂಟೆಗೆ ಮೈ ಗಡಗಡ ನಡುಗಿತು, ಹಲ್ಲು ಕಟಕಟ ಅಂದವು. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಓದಿದ್ದೆ ಇದನ್ನು. ಮಂಚವೇ ಅಲುಗಾಡುತ್ತದೆ ಎಂದು ಯಾವ ಪುಸ್ತಕವೂ ಬರೆದಿರಲಿಲ್ಲ. ನರ್ಸು ಹನಿ ನಿಲ್ಲಿಸಿ, ಕಂಬಳಿ ಹೊದಿಸಿ, ಮತ್ತೆ ನಿಧಾನಕ್ಕೆ ಶುರುಮಾಡಿದರು. ಮರುದಿನ ಬೆಳಿಗ್ಗೆ ಕತ್ತಿನ ಗಂಟು ಮೆತ್ತಗಾಗಿತ್ತು. ಬೆರಳಿಟ್ಟು ನೋಡಿ ನನಗೆ ಕುಣಿಯುವಷ್ಟು ಖುಷಿಯಾಯಿತು. ಅವ್ವನನ್ನು ಉಡಿಗಾಲದಲ್ಲಿದ್ದ ಅಕ್ಕನ ಮನೆಗೆ ಬಿಟ್ಟೆ, ಚಾಮರಾಜನಗರದ ಆಸ್ಪತ್ರೆ ಹತ್ತಿರ ಎಂದು. ನೀರು, ಮಾತ್ರೆ ಎಂದು ಅಕ್ಕನಿಗೂ ಹೇಳಿ ಅಂದೇ ಲ್ಯಾಬಿಗೆ ಓಡಿದೆ. ನನ್ನ ಕಣಗಳು ಕಾಯುತ್ತಿದ್ದವು.

ಎರಡನೆಯ ದಿನ ಮಧ್ಯಾಹ್ನ, ಕೈಗೆ ಗ್ಲೌಸ್ ಹಾಕಿಕೊಂಡು ತಟ್ಟೆ ತೊಳೆಯುತ್ತಿದ್ದಾಗ ಅಕ್ಕನ ಫೋನ್ ಬಂತು.

"ಅವ್ವ ನೆನ್ನಿಂದ ಒಂದಕ್ಕೇ ಓಗಿಲ್ಲ ಕಣಮ್ಮಿ. ಕಾಲು ಸೆಟ್ಕತ್ತವ. ವಾಂತಿ. ದೊಡ್ಡಾಸ್ಪತ್ರೆಗ ತಂದಿವ್ನಿ, ಬೇಗ್ನೆ ಬಾ."

ಚಾಮರಾಜನಗರಕ್ಕೆ ಹೇಗೆ ತಲುಪಿದೆನೋ ಇವತ್ತಿಗೂ ನೆನಪಿಲ್ಲ. ಡ್ಯೂಟಿ ಡಾಕ್ಟರು ನನ್ನ ಕೈಯಲ್ಲಿದ್ದ ಕಾಗದಗಳನ್ನು ತಿರುವಿ ಹಾಕಿ, ಮೂತ್ರಪಿಂಡ ಕೆಲಸ ನಿಲ್ಲಿಸಿದೆ ಎಂದರು. ಔಷಧಿ ಅತಿ ಚೆನ್ನಾಗಿ ಕೆಲಸ ಮಾಡಿದೆ, ಗಂಟಿನ ಕಣಗಳು ಒಟ್ಟೊಟ್ಟಿಗೆ ಸತ್ತು ಅವುಗಳ ಒಳಗಿದ್ದದ್ದೆಲ್ಲ ರಕ್ತಕ್ಕೆ ಸುರಿದಿದೆ, ಅದನ್ನು ತೊಳೆದು ಹಾಕುವಷ್ಟು ನೀರು ಮೈಯಲ್ಲಿಲ್ಲ ಎಂದರು. "ಎಷ್ಟು ನೀರು ಕುಡೀತಿದ್ರು?"

ಅಕ್ಕ ಕಣ್ಣು ತಗ್ಗಿಸಿದಳು. "ಕುಡೀತಿರ್ನಿಲ್ಲ ಸಾರ್. ಉಪಾಸ ಇದ್ಲು."

"ಯಾನಂದೆ?" ಎಂದು ನಾನು ಕಿರುಚಿದೆ.

ಅಕ್ಕ ಸೆರಗಿನಿಂದ ಒಂದು ಕಾಗದದ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು. ಅವ್ವನ ಮಾತ್ರೆಗಳು, ಒಂದೂ ಕಡಿಮೆಯಾಗಿರಲಿಲ್ಲ. ನೀರು ಮುಟ್ಟದವಳು ಮಾತ್ರೆ ಹೇಗೆ ನುಂಗಿಯಾಳು? "ನಿನ್ ಪರೀಕ್ಷ ಅಂತ ಕಣಮ್ಮಿ. ನಿಂಗ್ ಹೇಳುದ್ರ ಬೈದಿಯಾ ಅಂತ ಆಣೆ ಆಕಿಸ್ಕಂಡಿದ್ಲು."

ಇದನ್ನು ಕೇಳಿ ಬೆಚ್ಚಿಬೀಳುವ ಹಕ್ಕೂ ನನಗಿರಲಿಲ್ಲ. ಏಕೆಂದರೆ ಅದು ನನಗೆ ಗೊತ್ತಿದ್ದ ಪದ್ಧತಿ. ಏಳನೆಯ ಕ್ಲಾಸಿನ ಪಬ್ಲಿಕ್ ಪರೀಕ್ಷೆಯಿಂದ ಎಂಎಸ್ಸಿಯವರೆಗೆ ನಾನು ಪೆನ್ನು ಹಿಡಿದ ಪ್ರತಿ ದಿನವೂ ಅವ್ವ ಮಾದಪ್ಪನಿಗೆ ಹರಕೆ ಕಟ್ಟಿಕೊಂಡು ಒಂದು ತೊಟ್ಟು ನೀರು ಕುಡಿಯದೆ ಇರುತ್ತಿದ್ದಳು. ಹೊತ್ತು ಮುಳುಗಿದ ಮೇಲೆ ಒಂದು ತುತ್ತು ಮುದ್ದೆ, ಎರಡು ಗುಟುಕು ನೀರು. ಪರೀಕ್ಷೆ ಪೂರಾ ಮುಗಿದ ದಿನ ನಾನು ಮನೆಗೆ ಬಂದು, "ಚೆನ್ನಾಗ್ ಬರ್ದೆ ಕಣವ್ವ" ಎಂದು ಚೊಂಬು ನೀರು ಕೈಗಿತ್ತರೆ ಹರಕೆ ಮುಗಿಯುತ್ತಿತ್ತು. ಈ ಸಲ ಮಗಳು ಮಾಡಿದ ಔಷಧಿ ಅವಳ ಮೈಯಲ್ಲೇ ಪರೀಕ್ಷೆ ಬರೆಯುತ್ತಿತ್ತು. ಐದಾರು ದಿನದಿಂದ ಅವ್ವ ಒಣಗಿಕೊಂಡು ಕೂತಿದ್ದಳು. ಚೊಂಬು ಕೊಡಬೇಕಾಗಿದ್ದ ನಾನು ಲ್ಯಾಬಿನಲ್ಲಿ ತಟ್ಟೆ ತೊಳೆಯುತ್ತಿದ್ದೆ.

ತೊಳೆಯುತ್ತಿದ್ದೆ! ಆಗ ತಲೆಗೆ ಹೊಡೆದ ಹಾಗಾಯಿತು. ಮೂರು ವರ್ಷ ಸತ್ತ ಕಣಗಳನ್ನು ನನ್ನ ಕೈಯಾರೆ ನೀರು ಹೊಯ್ದು ತೊಳೆದಿದ್ದೆ, ಮನುಷ್ಯರ ಮೈಯಲ್ಲಿ ಆ ಕೆಲಸ ಯಾರು ಮಾಡುತ್ತಾರೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಕಣ ಸತ್ತರೆ ಗೆದ್ದೆವು ಎಂದು ಗ್ರಾಫ್ ಬರೆದಿದ್ದೆ. ಓದಿದ ಕತ್ತೆ ಎಂದು ನನ್ನನ್ನು ನಾನೇ ಬೈದುಕೊಂಡೆ.

ಅಂದು ಸಂಜೆಯೇ ಆಂಬುಲೆನ್ಸಿನಲ್ಲಿ ಮೈಸೂರಿಗೆ ಸಾಗಿಸಿದರು. ನಾಲ್ಕು ಸಲ ಡಯಾಲಿಸಿಸ್ ಆಯಿತು. ಅಷ್ಟು ದಿನ ನಾನು ಅವ್ವನ ಮಂಚಕ್ಕೆ ತೂಗುಹಾಕಿದ್ದ ಮೂತ್ರದ ಚೀಲವನ್ನೇ ನೋಡುತ್ತ ಕೂತಿದ್ದೆ. ಎಂಟನೆಯ ದಿನ ಅದರ ತಳದಲ್ಲಿ ಒಂದಿಷ್ಟು ಹಳದಿ ಕಂಡಾಗ ಜೋರಾಗಿ ಅತ್ತುಬಿಟ್ಟೆ. ಜೀವನದಲ್ಲಿ ಮತ್ತಾವ ಫಲಿತಾಂಶಕ್ಕೂ ನಾನು ಹಾಗೆ ಅತ್ತಿಲ್ಲ.

ಅವ್ವ ಚೇತರಿಸಿಕೊಂಡ ಮೇಲೆ ಏನಾಯಿತೆಂದು ಬಿಡಿಸಿ ಹೇಳಿದೆ. ಕೆಟ್ಟವು ಲೆಕ್ಕವಿಲ್ಲದಷ್ಟು ಒಂದೇ ದಿನ ಸತ್ತವು, ಹೊರಗೆ ಹೋಗಲು ದಾರಿಯಾಗಲಿಲ್ಲ ಎಂದೆ.

"ಅಲ್ಲಮ್ಮಿ, ಒಂದೂರ್ ಜನವ ಒಂದೇ ದಿಸ ಸಾಯ್ಸ್ಬುಟ್ರ ಮಣ್ಣು ಮಾಡೋರ್ ಯಾರು?"

ನಮ್ಮ ಲ್ಯಾಬಿನಲ್ಲಿ ಇಷ್ಟು ನೇರವಾಗಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಎರಡನೆಯ ಸಲದ ಔಷಧಿಯ ದಿನ ಹತ್ತಿರವಾಯಿತು. ಸುಳ್ಳನ್ನು ಹಾಗೇ ಉಳಿಸಿಕೊಂಡರೆ ಅವ್ವ ಯಾರ ಕಣ್ಣಿಗೂ ಬೀಳದ ಹಾಗೆ ಮತ್ತೆ ಉಪವಾಸ ಕೂರುತ್ತಾಳೆ. ಕುಡಿಯುತ್ತೇನೆ ಎಂದು ಆಣೆ ಹಾಕಿದರೂ ನಂಬುವ ಹಾಗಿಲ್ಲ, ಮಾದಪ್ಪನ ಮುಂದೆ ಮಗಳ ಮಾತು ಯಾವ ಲೆಕ್ಕ? ನಿಜ ಹೇಳಿದರೆ ಬಸ್ ನಿಲ್ದಾಣದ ಬೆಂಚೇ ಗತಿ. ಔಷಧಿ ನಿಲ್ಲಿಸಿದರೆ ಗಂಟು ಮತ್ತೆ ಬರುತ್ತದೆ. ಉಡಿಗಾಲದಲ್ಲಿ ಅಕ್ಕನ ಮನೆಯ ಜಗಲಿಯ ಮೇಲೆ ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಎದುರು ಕೂತು ಹೇಳಿಬಿಟ್ಟೆ.

"ಅವ್ವ, ಆ ಔಷ್ದಿಯ ನಾ ಮಾಡ್ಲಿಲ್ಲ. ನೀ ಬಸ್ ಹತ್ಲಿ ಅಂತ ಸುಳ್ ಹೇಳ್ದೆ."

ಅವಳ ಕೈ ನಿಂತಿತು. ಮುಖ ಸಣ್ಣಗಾಯಿತು. "ಊರ್ಗೆಲ್ಲ ಹೇಳ್ಕ ಬಂದಿದ್ನಲ್ಲಮ್ಮಿ" ಅಂದಳು, ಅಷ್ಟೇ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಮತ್ತೆ ಕಾಯಿ ಸುಲಿಯತೊಡಗಿದಳು. ಮೊರ ಅರ್ಧ ತುಂಬಿದ ಮೇಲೆ ತಲೆ ಎತ್ತದೆ ಕೇಳಿದಳು, "ಮತ್ತ ಯಾರ್ ಮಾಡುದ್ರು?"

"ಯಾರ್ಯಾರೋ, ನೂರಾರ್ ಜನ. ನಂಗೂ ಗೊತ್ತಿಲ್ಲ."

"ಅಂಗಾದ್ರ ಅವ್ರವ್ರ ಅವ್ವದಿರು ಮಾಡ್ಕಳ್ಲಿ ಉಪಾಸವ. ನಂಗ್ಯಾಕ? ಒಂದ್ ಚೊಂಬ್ ನೀರ್ ತಕ್ಕಬಾ."

ಓಡಿಹೋಗಿ ತಂದೆ. ಗಟಗಟ ಕುಡಿದಳು. ಮರುದಿನವೂ ಕುಡಿದಳು, ಮಾತ್ರೆಯನ್ನು ನನ್ನ ಮುಂದೆಯೇ ನುಂಗಿ ಬಾಯಿ ತೆರೆದು ತೋರಿಸಿದಳು. ಬಸ್ಸನ್ನೂ ಹತ್ತಿದಳು. ಯಾಕೆ ಹತ್ತಿದಳೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಆಸ್ಪತ್ರೆಯಲ್ಲಿ ಹನಿ ಶುರುವಾಯಿತು. ಮನೆಯಿಂದ ತಂದಿದ್ದ ಹಿತ್ತಾಳೆ ಚೊಂಬು ಮಗ್ಗುಲಲ್ಲೇ ಇತ್ತು. ನಾನು ಸ್ಟೂಲಿನ ಮೇಲೆ ಕೂತು ಒಂದೊಂದೇ ಹನಿ ನೋಡುತ್ತಿದ್ದೆ. ಒಂದು ಗಂಟೆಯಾಯಿತು, ನಡುಕ ಬರಲಿಲ್ಲ. ಅಕ್ಕ ಟೀ ತಂದಳು, ಆಮೇಲೆ ಎಂದೆ. ಊಟಕ್ಕೆ ಕರೆದಳು, ನೀನು ಹೋಗು ಎಂದೆ. ಮೂರು ಗಂಟೆ ಹೊತ್ತಿಗೆ ಅವ್ವ ನನ್ನ ತುಟಿಯನ್ನೇ ದಿಟ್ಟಿಸಿ ನೋಡಿದಳು.

"ನೀನು ಬೆಳಗಿಂದ ಯಾನಾರ ಕುಡುದ್ಯಾ?"

ಉತ್ತರ ಕೊಡಲು ಬಾಯಿ ತೆರೆದೆ, ನಾಲಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಬೆಳಿಗ್ಗೆ ಎದ್ದಾಗಿನಿಂದ ಒಂದು ತೊಟ್ಟು ನೀರು ಬಾಯಿಗೆ ಬಿದ್ದಿರಲಿಲ್ಲ. ನಾನು ಯಾವ ಹರಕೆಯನ್ನೂ ಕಟ್ಟಿಕೊಂಡಿರಲಿಲ್ಲ, ಇಂಥದನ್ನೆಲ್ಲ ನಂಬುವವಳೂ ಅಲ್ಲ. ಆದರೂ ಕುಡಿದಿರಲಿಲ್ಲ.

ಅವ್ವ ಸೂಜಿ ಚುಚ್ಚದ ಕೈಯಲ್ಲಿ ಚೊಂಬು ಎತ್ತಿ ನನ್ನ ಮುಂದೆ ಹಿಡಿದಳು.

"ತಕ್ಕ, ಕುಡಿ ಮೊದ್ಲು. ನಾ ಚೆನ್ನಾಗಿವ್ನಿ ಕಣಮ್ಮಿ."