ಸುಣ್ಣ ಬಳಿದ ಶಾಸನ, ನನ್ನ ಸರ್ಟಿಫಿಕೇಟು

ಬಿ.ಎ. ಆದಮೇಲೂ ಓದುವುದಿದೆಯೇ ಎಂದು ಮಧುಗಿರಿಯಲ್ಲಿ ನನ್ನನ್ನು ಕೇಳದವರಿಲ್ಲ. ಇದೆ ಎಂದು ನಾನು ಉಬ್ಬಿ ಹೇಳುತ್ತಿದ್ದೆ. ಪದವಿ ಪಡೆದವರಿಗೆಂದೇ ವಿಶ್ವವಿದ್ಯಾನಿಲಯ ಆ ವರ್ಷ ಶಾಸನ ಓದುವ ಸರ್ಟಿಫಿಕೇಟೊಂದನ್ನು ಹೊಸದಾಗಿ ತೆರೆದಿತ್ತು. ಕೆಲಸ ಬಿಡಬೇಕಾಗಿಲ್ಲ, ರಜೆಯಲ್ಲಿ ಮೈಸೂರಿಗೆ ಹೋಗಿ ಪಾಠ ಕೇಳಿದರೆ ಸಾಕು. ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕಾಗುಣಿತ ತಿದ್ದಿ ತಿದ್ದಿ ಸಾಕಾಗಿದ್ದ ನನಗೆ ಈ ಸುದ್ದಿ ಕೇಳಿ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಆದರೆ ನಿಯಮಗಳು ಬಿಗಿಯಾಗಿದ್ದವು. ಯಾರೂ ಓದಿರದ ಕಲ್ಲೊಂದನ್ನು ನಾವೇ ಹುಡುಕಬೇಕು. ಪರೀಕ್ಷಕರ ಕಣ್ಣೆದುರು, ಯಾರ ಸಹಾಯವೂ ಇಲ್ಲದೆ, ಕಾಗದದ ಮೇಲೆ ಅದರ ಅಚ್ಚು ತೆಗೆದು ಅಲ್ಲೇ ಓದಬೇಕು. ಎರಡನೇ ಅವಕಾಶವಿಲ್ಲ. ಎಲ್ಲಕ್ಕಿಂತ ದೊಡ್ಡದು ಕೊನೆಯ ನಿಯಮ: ಈ ಸರ್ಟಿಫಿಕೇಟು ಒಂದು ವರ್ಷದ ಪ್ರಯೋಗ ಮಾತ್ರ, ಮೊದಲ ವರ್ಷ ಒಬ್ಬರೂ ತೇರ್ಗಡೆಯಾಗದಿದ್ದರೆ ಅದನ್ನು ಮುಚ್ಚಿಬಿಡುವುದು. ನನ್ನ ಜೊತೆ ಸೇರಿದ್ದ ಗಂಡಸರು ಒಬ್ಬೊಬ್ಬರಾಗಿ ಜಾರಿಕೊಂಡರು. ವರ್ಷದ ಕೊನೆಗೆ ಉಳಿದವಳು ನಾನೊಬ್ಬಳೇ.

ತೋವಿನಕೆರೆಯ ದಾರಿಯಲ್ಲಿ ಒಂದು ಸಣ್ಣ ಊರಿನ ಕೆರೆ ಏರಿಯ ಮೇಲೆ ನನ್ನ ಕಲ್ಲು ಇತ್ತು. ಅದನ್ನು ಊರವರು ದೇವರೆಂದು ಪೂಜಿಸುತ್ತಿದ್ದರು. ಮೈಸೂರಿನಿಂದ ದೊಡ್ಡವರೊಬ್ಬರು ನಿಮ್ಮ ಕಲ್ಲು ನೋಡಲು ಬರುತ್ತಾರೆ ಎಂದು ಪಟೇಲರಿಗೆ ಮೊದಲೇ ಹೇಳಿ ಬಂದಿದ್ದೆ. ಯಾಕಾದರೂ ಹೇಳಿದೆನೋ!

ಪರೀಕ್ಷೆಯ ದಿನ ನಾನೂ ಪರೀಕ್ಷಕರೂ ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ, ಅದರ ಹೊಗೆಗೆ ಕೆಮ್ಮುತ್ತ ಹೋಗಿ ಇಳಿದೆವು. ಪರೀಕ್ಷಕರು ಜರಿಪೇಟದ, ಮಿತಭಾಷಿ ಮುದುಕರು. ಏರಿ ಹತ್ತಿ ನೋಡುತ್ತೇನೆ, ಕಲ್ಲಿಗೆ ಮೇಲಿಂದ ಕೆಳಗಿನವರೆಗೆ ದಪ್ಪಗೆ ಸುಣ್ಣ ಮೆತ್ತಿ, ಅದರ ಮೇಲೆ ಕೆಮ್ಮಣ್ಣಿನ ಪಟ್ಟೆ ಎಳೆದು, ಹೂವು ಏರಿಸಿ ನಿಲ್ಲಿಸಿದ್ದಾರೆ. ಅಕ್ಷರ ಹಾಗಿರಲಿ, ಗೀರು ಕೂಡ ಕಾಣುತ್ತಿಲ್ಲ.

ಪಟೇಲರ ಮುಖ ಮಾತ್ರ ಅರಳಿತ್ತು. “ಮೈಸೂರಿಂದ ಸಾಯೇಬ್ರು ಬತ್ತಾರೆ ಅಂದ್ರಲ್ಲವ್ವ, ಕಲ್ಲು ಮಾಸೋಗಿತ್ತು. ಬೆಳಿಗ್ಗೆನೇ ಸುಣ್ಣ ಬಳಿಸ್ಬುಟ್ಟೆ.”

ನನಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ತೊಳೆಯುತ್ತೇನೆ ಎಂದೆ. ಆಗದು ಎಂದರು ಪಟೇಲರು. ಪೂಜೆ ಆಗಿಹೋಗಿದೆ, ಈಗ ಬಳಿದದ್ದನ್ನು ಕೆರೆದರೆ ಊರಿಗೆ ಒಳ್ಳೆಯದಲ್ಲ. ಪರೀಕ್ಷಕರು ಗಡಿಯಾರ ನೋಡಿ, ಸಂಜೆಯ ಬಸ್ಸಿನವರೆಗೆ ಕಾಯುತ್ತೇನೆ, ಆಮೇಲೆ ನಿಯಮದಂತೆ ವರದಿ ಬರೆಯಬೇಕಾಗುತ್ತದೆ ಎಂದರು. ಆ ಕ್ಷಣ ಅವರ ಪೇಟ ಕಿತ್ತು ಕೆರೆಗೆ ಎಸೆಯಬೇಕೆನಿಸಿತ್ತು.

ಈ ಇಕ್ಕಟ್ಟಿನಿಂದ ನಮ್ಮನ್ನು ಬಿಡಿಸಿದವರು ಪಟೇಲರ ತಾಯಿ. ಹೂವು ಏರಿಸಿದವರೂ ಅವರೇ. ನಾನು ಕಣ್ಣೊರೆಸಿಕೊಳ್ಳುವುದನ್ನು ನೋಡಿ ಮಗನ ಕಡೆ ತಿರುಗಿದರು. “ಕೆರೆಯೋದು ಬ್ಯಾಡ ಕಣ್ಲಾ, ಮಜ್ಜನ ಮಾಡ್ಸಾನ. ದೇವ್ರಿಗೆ ನೀರು ಹುಯ್ದ್ರೆ ಯಾವ ದೋಸ ಬಂದದು?”

ಅಭಿಷೇಕಕ್ಕೆ ಯಾರು ಬೇಡವೆಂದಾರು? ಹೆಂಗಸರು ಕೆರೆಯಿಂದ ಕೊಡಗಟ್ಟಲೆ ನೀರು ತಂದರು. ಸುಣ್ಣ ಬಿಡಲೆಂದು ಹುಣಸೆಹಣ್ಣು ಕಿವುಚಿಸಿದವಳು ನಾನು. ಅದನ್ನೂ ಅಜ್ಜಿ ದೇವರಿಗೇ ಎಂದು ಒಪ್ಪಿಕೊಂಡರು. ತೆಂಗಿನ ನಾರು ಹಿಡಿದು ಎಲ್ಲರೂ ಉಜ್ಜತೊಡಗಿದಾಗ ನನಗೆ ಹೊಸ ದಿಗಿಲು ಹತ್ತಿತು. ಯಾರ ಸಹಾಯವೂ ಇಲ್ಲದೆ ಎಂಬ ನಿಯಮವಿದೆಯಲ್ಲ! ಹೆದರುತ್ತಲೇ ಕೇಳಿದೆ. ಪರೀಕ್ಷಕರು ಸ್ವಲ್ಪ ಯೋಚಿಸಿದರು. ನಿಯಮ ಅಚ್ಚು ತೆಗೆಯುವುದನ್ನು ಕುರಿತದ್ದು, ದೇವರ ಸ್ನಾನದ ವಿಚಾರ ಅದರಲ್ಲಿಲ್ಲ ಎಂದರು. ಹೇಳುವಾಗ ಅವರ ಮೀಸೆಯ ತುದಿ ಅಲುಗಿದ್ದನ್ನು ನಾನು ನೋಡಿದೆ.

ಕಲ್ಲು ಕಪ್ಪಾಗಿ ಹೊರಬಂತು. ಒದ್ದೆ ಕಾಗದ ಹಾಸಿ, ಅಕ್ಷರದ ಗುಳಿಗಳಿಗೆ ಇಳಿಯುವಂತೆ ಬ್ರಷ್ಷಿನಿಂದ ಬಡಿದು, ಮಸಿಯ ಉಂಡೆ ಒತ್ತುತ್ತ ಹೋದೆ. ಕಪ್ಪಿನ ನಡುವೆ ಬಿಳಿ ಅಕ್ಷರಗಳು ಒಂದೊಂದೇ ಮೂಡಿದವು. ಗಟ್ಟಿಯಾಗಿ ಓದಿದೆ. ತನ್ನ ಒಡವೆ ಮಾರಿ ಈ ಕೆರೆಗೆ ತೂಬು ಇಡಿಸಿದ ಒಬ್ಬ ಹೆಂಗಸಿನ ಹೆಸರು ಅದರಲ್ಲಿತ್ತು. ಕೊಡ ಹಿಡಿದ ಹೆಂಗಸರು ಹತ್ತಿರ ಬಂದು ನಿಂತರು. ಅಜ್ಜಿ ಆ ಹೆಸರನ್ನು ಇನ್ನೊಂದು ಸಲ ಹೇಳಿಸಿಕೊಂಡರು.

ಬಸ್ಸಿನ ಸದ್ದು ಕೇಳಿಸಿತು. ಪರೀಕ್ಷಕರು ಪಾಸು ಎಂದೂ ಹೇಳಲಿಲ್ಲ, ಫೇಲು ಎಂದೂ ಹೇಳಲಿಲ್ಲ. ಅಚ್ಚನ್ನು ತಾವೇ ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡರು. ನಾನು ಅವರ ಹಿಂದೆಯೇ ಏರಿಯಿಂದ ಇಳಿದೆ. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟವರು ತಿರುಗಿದರು.

“ಈ ಸರ್ಟಿಫಿಕೇಟಿಗೆ ಮುಂದಿನ ವರ್ಷವೂ ಅರ್ಜಿ ಕರೆಯಲು ವರದಿಯಲ್ಲಿ ಬರೆಯುತ್ತೇನಮ್ಮ.”